ಗುರುಶಾಂತಮ್ಮನ ಎಣ್ಣೆ, ಇಂಪನಾಳ ಕೈ

ತಿಪಟೂರಿನಿಂದ ಹುಳಿಯಾರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ತೋಟಗಳು ಶುರುವಾಗುವ ಕಡೆ ಗುರುಶಾಂತಮ್ಮನ ಮನೆ. ಆ ಮನೆಗೆ ಹೋದವರು ಯಾರೂ ಎಣ್ಣೆಯ ಮಾತು ಕೇಳದೆ ಹೊರಗೆ ಬಂದದ್ದಿಲ್ಲ. ತಲೆನೋವು ಅಂದರೆ ಕೊಬ್ಬರಿ ಎಣ್ಣೆ, ಮಂಡಿನೋವು ಅಂದರೆ ಕೊಬ್ಬರಿ ಎಣ್ಣೆ, ಬಾಗಿಲು ಕಿರುಗುಟ್ಟಿದರೂ ಅದೇ. ಮಗು ಹುಟ್ಟಿದ ಸುದ್ದಿ ಬಂತೋ, ಮಗು ಗಂಡೋ ಹೆಣ್ಣೋ ಎಂದು ಕೇಳುವ ಮೊದಲು ಒಂದು ಬಾಟಲಿ ತುಂಬಿಸಿ ಕಳಿಸುತ್ತಿದ್ದಳು. ಬೇಡ ಅಂದವರನ್ನು ಆಕೆ ಮನುಷ್ಯರ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ.

ಎಣ್ಣೆಯೂ ಅಂಥದ್ದೇ ಅನ್ನಿ. ಒಳ್ಳೆಯ ಉಂಡೆ ಕೊಬ್ಬರಿಯನ್ನು ಮಾರಾಟಕ್ಕೆ ಪೇಟೆಯ ಮಂಡಿಗೆ ಹಾಕಿ, ಒಡೆದದ್ದು, ಬೂಷ್ಟು ಹಿಡಿದದ್ದನ್ನು ಗಾಣಕ್ಕೆ ಕಳಿಸುವುದು ಎಲ್ಲರ ಮನೆಯ ಪದ್ಧತಿ. ಗುರುಶಾಂತಮ್ಮನ ಮನೆಯಲ್ಲಿ ಇದು ತಿರುಗುಮುರುಗು. ವರ್ಷಗಟ್ಟಲೆ ಒಣಗಿದ ಕಾಯಿಗಳ ನಡುವೆ, ಅಟ್ಟದ ಮೇಲೆ ಕೂತು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಗಡಗಡ ಅನ್ನಬೇಕು. ಚೆನ್ನಾಗಿ ಸದ್ದು ಮಾಡಿದ್ದು ಗಾಣಕ್ಕೆ, ಉಳಿದದ್ದು ಮಂಡಿಗೆ. ಮಂಡಿ ವ್ಯಾಪಾರ ನೋಡಿಕೊಳ್ಳುವ ಗಂಡ ಸದಾಶಿವಯ್ಯ, "ನೀನು ಎಣ್ಣೆ ತೆಗೀತಿಲ್ಲ ಕಣೇ, ನನ್ನ ಮಾನ ತೆಗೀತಿದೀಯ" ಎಂದು ಗೊಣಗಿ ಗೊಣಗಿ ಮುದುಕನಾದ. ಆಕೆ ಸೊಪ್ಪು ಹಾಕಲಿಲ್ಲ. ನೊಣವಿನಕೆರೆಯ ತವರಿನಿಂದ ಬರುವಾಗ ಅವರವ್ವ ಕೊಟ್ಟು ಕಳಿಸಿದ ಬುದ್ಧಿ ಅದು, ಬಿಡುವ ಹಾಗಿರಲಿಲ್ಲ.

ಹೀಗೆ ಎಣ್ಣೆಯೊಂದನ್ನೇ ಹೊಗಳಿಕೊಂಡು ಅರವತ್ತರ ಹತ್ತಿರಕ್ಕೆ ಬಂದಿದ್ದವಳಿಗೆ ಹೊಗಳಿಕೊಳ್ಳಲು ಇನ್ನೊಂದು ಸಿಕ್ಕಿತು. ಅದು ಸೊಸೆ ಇಂಪನಾ.

ತುರುವೇಕೆರೆಯ ಹುಡುಗಿ. ಅಪ್ಪನದು ಟ್ರ್ಯಾಕ್ಟರ್ ರಿಪೇರಿಯ ಷೆಡ್ಡು; ಮಗಳು ಆಟೊಮೊಬೈಲ್ ಡಿಪ್ಲೊಮಾ ಓದಿ ಅಲ್ಲೇ ಸ್ಪ್ಯಾನರ್ ಹಿಡಿದು ನಿಂತಿದ್ದಳು. ಹೆಣ್ಣು ನೋಡಲು ಹೋದ ದಿನ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದವಳ ಉಗುರು ನೋಡಿ ಜೊತೆಗೆ ಬಂದಿದ್ದ ನೆಂಟರು ಮುಖ ಮುಖ ನೋಡಿಕೊಂಡರು. ಎಷ್ಟು ತಿಕ್ಕಿ ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಕರಿ ಉಳಿದಿತ್ತು. ಹುಡುಗಿಯ ತಾಯಿ ಸೆರಗು ಎಳೆದುಕೊಳ್ಳುವಂತೆ ಕಣ್ಸನ್ನೆ ಮಾಡಿದಳು. ಇಂಪನಾ ಕೈ ಬಚ್ಚಿಡಲಿಲ್ಲ. ತಟ್ಟೆ ಕೆಳಗಿಟ್ಟು, ಎರಡೂ ಕೈಯನ್ನು ಮಡಿಲ ಮೇಲೆ ಇಟ್ಟುಕೊಂಡು ಕೂತಳು. ಗುರುಶಾಂತಮ್ಮ ಮದುವೆಗೆ ಒಪ್ಪಿದ್ದು ಅಲ್ಲಿಯೇ. ಮಗ ಮಲ್ಲೇಶನನ್ನು ಕೇಳಿದ್ದು ಆಮೇಲೆ.

ಮದುವೆಯಾದ ಮರುವರ್ಷ ಯುಗಾದಿಗೆ ಮನೆಯ ಪಕ್ಕದ ಹಳೆಯ ಕಾಯಿ ಸುಲಿಯುವ ಷೆಡ್ಡನ್ನು ಗುಡಿಸಿ ಸಾರಿಸಿ ಕಾರು ಸರ್ವೀಸಿನ ಗ್ಯಾರೇಜು ತೆರೆದರು. ಬೋರ್ಡಿನ ಮೇಲೆ ಮಗನ ಹೆಸರಿರಲಿ ಎಂದರು ನೆಂಟರು. "ಅವ್ನಿಗೆ ಬಾನೆಟ್ ಯಾವ್ದು ಡಿಕ್ಕಿ ಯಾವ್ದು ಅಂತ ಗೊತ್ತಾಗ್ಲಿ, ಆಮೇಲೆ ಬರೆಸಾನ ಬುಡಿ" ಎಂದು ಗುರುಶಾಂತಮ್ಮ ಸೊಸೆಯ ಹೆಸರನ್ನೇ ದಪ್ಪ ಅಕ್ಷರದಲ್ಲಿ ಬರೆಸಿದಳು. ಮಂಡಿಯಲ್ಲಿ ಅಪ್ಪನ ಜೊತೆ ಕೂರುವ ಮಲ್ಲೇಶ ಸಾಧು ಮನುಷ್ಯ. ನಕ್ಕುಬಿಟ್ಟ.

ಪೂಜೆಯ ದಿನ ಗುರುಶಾಂತಮ್ಮ ಸೊಸೆಯ ಕೈಗೆ ಒಂದು ಬಾಟಲಿ ಎಣ್ಣೆ ಕೊಟ್ಟಳು. ಆ ಮನೆಗೆ ಹೊಸದಾಗಿ ಬಂದದ್ದಕ್ಕೆಲ್ಲ ಮೊದಲು ಮನೆಯ ಎಣ್ಣೆ ಮುಟ್ಟಬೇಕು. ಹೊಸ ಕೂಸಿನ ನೆತ್ತಿಗೆ, ಹೊಸ ದೋಸೆ ಕಾವಲಿಗೆ, ಹೊಸ ಮಚ್ಚಿನ ಹಿಡಿಗೆ.

"ನಿನ್ ಕೆಲ್ಸದಲ್ಲೂ ಎಲ್ಲಾದ್ರೂ ಒಂಚೂರು ಸವರೋ ಜಾಗ ಇರ್ತದಲ್ಲ, ಅಲ್ಲಿಗೆ ನಮ್ಮೆಣ್ಣೆ ಹಾಕು" ಎಂದಳು.

ಅಂಥ ಜಾಗ ಒಂದಿತ್ತು. ಕಾರಿನ ಆಯಿಲ್ ಬದಲಾಯಿಸುವಾಗ ಹಳೆಯ ಆಯಿಲ್ ಫಿಲ್ಟರ್ ಬಿಚ್ಚಿ ಹೊಸದನ್ನು ಹಾಕಬೇಕು. ಮುಷ್ಟಿ ಗಾತ್ರದ ತಗಡಿನ ಡಬ್ಬಿ ಅದು. ಬಾಯಿಯ ಸುತ್ತ ಒಂದು ರಬ್ಬರ್ ಉಂಗುರ. ತಿರುಪಿ ಹಾಕುವ ಮೊದಲು ಆ ಉಂಗುರಕ್ಕೆ ಬೆರಳಿನಿಂದ ಎಣ್ಣೆ ಸವರಬೇಕು, ಇಲ್ಲದಿದ್ದರೆ ರಬ್ಬರ್ ಸೊಟ್ಟಗೆ ಎಳೆದುಕೊಳ್ಳುತ್ತದೆ. ಹೊಸ ಇಂಜಿನ್ ಆಯಿಲನ್ನೇ ಸವರಿ ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಅತ್ತೆ ಕೊಟ್ಟ ಬಾಟಲಿ ಕಣ್ಣೆದುರಿಗೇ ಇತ್ತು, ಎಣ್ಣೆಗೆ ಎಣ್ಣೆ ಅಲ್ಲವೇ ಎಂದುಕೊಂಡ ಇಂಪನಾ ಅದನ್ನೇ ಸವರಿದಳು. ಬಿರುಬೇಸಿಗೆಯಲ್ಲಿ ಎಣ್ಣೆ ನೀರಿನ ಹಾಗಿತ್ತು. ಯಾವ ಗಾಡಿಗೂ ಏನೂ ಆಗಲಿಲ್ಲ.

ಗುರುಶಾಂತಮ್ಮ ದಿನಾ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಸೊಪ್ಪು ಬಿಡಿಸುವ ನೆಪ, ಅಕ್ಕಿ ಆರಿಸುವ ನೆಪ. ಬಂದ ಗಿರಾಕಿಗಳಿಗೆಲ್ಲ ಸೊಸೆಯ ಕೆಲಸವನ್ನು ತಾನೇ ವಿವರಿಸುವಳು.

"ನೋಡ್ರಿ, ಸ್ಪ್ಯಾನರ್ ಹಾಕಿ ಹಿಂಡಲ್ಲ ನಮ್ಮುಡುಗಿ. ಕೈಯಲ್ಲೇ ತಿರುಗಿಸ್ತಾಳೆ. ಉಂಗುರ ಹೋಗಿ ತಾಗ್ತು ಅಂತ ಕೈಗೆ ಗೊತ್ತಾಗ್ಬೇಕು, ಅಲ್ಲಿಂದ ಮುಕ್ಕಾಲು ಸುತ್ತು. ಜಾಸ್ತಿ ಬಿಗಿದ್ರೆ ರಬ್ಬರ್ ಹರೀತದೆ, ಕಮ್ಮಿ ಆದ್ರೆ ಬಿಚ್ಕತದೆ. ಎಲ್ಲಾ ಕೈ ಲೆಕ್ಕ."

ನೆಂಟರ ಮನೆ ನಾಮಕರಣದಲ್ಲೂ ಇದೇ ಪ್ರವಚನ. ಊಟದ ಎಲೆಯ ಮುಂದೆ ಕೂತವರಿಗೆ ಆಯಿಲ್ ಫಿಲ್ಟರ್ ಬಿಗಿಯುವ ಕ್ರಮ ಹೇಳಿದವಳು ಆ ಸೀಮೆಯಲ್ಲಿ ಈಕೆಯೊಬ್ಬಳೇ ಇರಬೇಕು.

ಹೀಗೆ ಕಾರ್ತಿಕ ಕಳೆದು ಧನುರ್ಮಾಸ ಬಂತು. ಬೆಳಗಿನ ಹೊತ್ತು ಬಾಯಿ ತೆರೆದರೆ ಹೊಗೆ ಬರುವಂಥ ಚಳಿ. ಟ್ಯಾಕ್ಸಿ ಓಡಿಸುವ ಗಂಗರಾಜು ಬಾಡಿಗೆಗೆ ಹೋಗುವ ಮುಂಚೆ ಆಗಿಬಿಡಲಿ ಎಂದು ಬೆಳಗ್ಗೆ ಬೆಳಗ್ಗೆಯೇ ಆಯಿಲ್ ಬದಲಾಯಿಸಿಕೊಂಡು ಹೋದ. ನೊಣವಿನಕೆರೆಯ ಹತ್ತಿರ ಹೋಗುವಷ್ಟರಲ್ಲಿ ಆಯಿಲ್ ಕಮ್ಮಿಯಾಗಿದೆ ಎಂದು ಗಾಡಿಯ ಕೆಂಪು ದೀಪ ಹತ್ತಿತು. ಇಳಿದು ಬಗ್ಗಿ ನೋಡಿದರೆ ರಸ್ತೆಯುದ್ದಕ್ಕೂ ಆಯಿಲ್ ಧಾರೆ, ಫಿಲ್ಟರ್ ಎರಡು ಬೆರಳಿಗೆ ತಿರುಗುತ್ತಿದೆ. ಮದುವೆಗೆ ಹೊರಟಿದ್ದ ಬಾಡಿಗೆಯವರು ಬೈದುಕೊಂಡು ಬಸ್ಸು ಹತ್ತಿದರು.

ಇಂಪನಾ ಸುದ್ದಿ ಕೇಳಿದವಳೇ ಹೊಸ ಆಯಿಲ್ ಹಿಡಿದುಕೊಂಡು ಅಲ್ಲಿಗೇ ಹೋದಳು. ಹಳೆಯ ಫಿಲ್ಟರಿನ ರಬ್ಬರ್ ಇಂಜಿನ್ನಿಗೆ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದು ಕೂತಿದೆಯೋ ಎಂದು ಮೊದಲು ಬೆರಳಾಡಿಸಿ ನೋಡಿದಳು. ಅದು ಸಾಮಾನ್ಯವಾಗಿ ಆಗುವ ತಪ್ಪು. ಇಲ್ಲಿ ಹಾಗಾಗಿರಲಿಲ್ಲ. ಫಿಲ್ಟರ್ ಆ ಗಾಡಿಯದೇ, ತಿರುಪಿನ ಗೆರೆಗಳಿಗೆ ಪೆಟ್ಟಾಗಿರಲಿಲ್ಲ. ಏನೂ ತಿಳಿಯದೆ ಮತ್ತೆ ಬಿಗಿದು ಕೊಟ್ಟಳು.

ವಾರ ಕಳೆಯುವುದರೊಳಗೆ ಕಂದಿಕೆರೆಯ ದೊಡ್ಡರಂಗಯ್ಯನ ಕಾರಿಗೂ ಅದೇ ಗತಿ ಆಯಿತು. ಬೆಳಗ್ಗೆ ಆಯಿಲ್ ಬದಲಾಯಿಸಿಕೊಂಡು ಹೋದವನು, ಮನೆ ಅಂಗಳದಲ್ಲಿ ಕರಿ ಮಡು ನಿಂತಿದೆ ಎಂದು ಸಂಜೆ ಫೋನು ಮಾಡಿದ. ಮಾರನೆಯ ಬೆಳಗ್ಗೆ ಇಂಪನಾ ಹೋಗಿ ಸರಿಮಾಡಿ ಬಂದಳು. ಬಂದವಳು ಆ ಚಳಿಗಾಲದಲ್ಲಿ ಬೆಳಗಿನ ಹೊತ್ತು ಆಯಿಲ್ ಬದಲಾಯಿಸಿಕೊಂಡವರಿಗೆಲ್ಲ ತಾನೇ ಫೋನು ಮಾಡಿ ಗಾಡಿ ವಾಪಸ್ಸು ಕರೆಸಿ ಬಿಗಿದು ಕೊಟ್ಟಳು. ಯಾಕೆ ಎಂದವರಿಗೆಲ್ಲ ಒಂದೇ ಉತ್ತರ: "ನನ್ ಕೈ ಸಡಿಲ ಆಗೈತೆ. ಬೇಜಾರು ಮಾಡ್ಕಬೇಡಿ."

ಅಷ್ಟು ಸಾಕಾಯಿತು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಗಂಗರಾಜು ಬಾಯಿಗೆ ಬಂದ ಹಾಗೆ ಆಡಿದ. ಹೆಣ್ಣಿನ ಕೈಗೆ ಎಷ್ಟು ಬಿಗಿ ಇದ್ದೀತು, ಅವಳೇ ಒಪ್ಪಿಕೊಂಡಳಲ್ಲ, ಅಂತ. ಗಿರಾಕಿಗಳು ಬರುವುದು ಕಮ್ಮಿಯಾಯಿತು. ಬಂದವರೂ ಇಂಪನಾಳನ್ನು ದಾಟಿ ಒಳಗೆ ಇಣುಕಿ, "ಮಲ್ಲೇಶ ಇಲ್ವಾ?" ಎಂದು ಕೇಳತೊಡಗಿದರು. ಷೆಡ್ಡಿಗೆ ಬೀಗ ಬಿದ್ದರೆ ಸೊಸೆಯ ಕೈ ಇನ್ನು ಮುದ್ದೆ ತಿರುವುವುದಕ್ಕಷ್ಟೇ ಎಂಬುದು ಗುರುಶಾಂತಮ್ಮನಿಗೆ ಗೊತ್ತಿತ್ತು. ಒಮ್ಮೆ ಮುಚ್ಚಿದ ಬಾಗಿಲನ್ನು ನೆಂಟರು ಇನ್ನೊಮ್ಮೆ ತೆಗೆಯಲು ಬಿಡುತ್ತಿರಲಿಲ್ಲ.

ಸದಾಶಿವಯ್ಯ ಮೆಲ್ಲಗೆ ಒಂದು ಉಪಾಯ ಹೇಳಿದ. "ಎಲ್ಲಾ ಕೆಲ್ಸ ಅವಳೇ ಮಾಡ್ಲಿ. ಕೊನೇ ಬಿಗಿ ಮಾತ್ರ ಮಲ್ಲೇಶ ಹಾಕ್ಲಿ ಬುಡು. ಜನರ ಬಾಯಿ ಮುಚ್ತದೆ."

"ಮಲ್ಲೇಶನಾ? ಗ್ಯಾಸ್ ಸಿಲಿಂಡರ್ ಬದಲಾಯಿಸೋಕೂ ಹೆಂಡ್ತೀನ ಕೂಗ್ತಾನಲ್ರೀ ಅವ್ನು!" ಎಂದು ಗುರುಶಾಂತಮ್ಮ ಹಾರಿಬಿದ್ದಳು. ಹಾರಿಬಿದ್ದಳು ನಿಜ, ಆದರೆ ಒಳಗೊಳಗೆ ಕುಸಿದಳು. ಸೊಸೆಯೇ ತನ್ನ ಕೈ ಸಡಿಲ ಅಂದಮೇಲೆ ಅತ್ತೆ ಯಾರ ಜೊತೆ ಜಗಳ ಆಡಬೇಕು? ಗ್ಯಾರೇಜಿನ ಬಾಗಿಲಲ್ಲಿ ಕೂತರೂ ಬಾಯಿ ಬಿಡದಾದಳು.

ಅಡುಗೆಮನೆಯಲ್ಲಿ ಆಕೆಯ ಎಣ್ಣೆ ಇರುವುದು ತಿರುಪಿನ ಮುಚ್ಚಳದ ಒಂದು ಸ್ಟೀಲು ಡಬ್ಬದಲ್ಲಿ. ಒಂದು ಬೆಳಗ್ಗೆ ಒಗ್ಗರಣೆಗೆಂದು ಡಬ್ಬ ತೆಗೆದರೆ ಮುಚ್ಚಳ ಮಿಸುಕಲಿಲ್ಲ. ಚಳಿಗಾಲದಲ್ಲಿ ಎಣ್ಣೆ ಹೆಪ್ಪುಗಟ್ಟಿ ಹೀಗೆ ಆಗುವುದು ಪ್ರತಿವರ್ಷದ ಪಾಡು. ಎಂದಿನಂತೆ ಡಬ್ಬವನ್ನು ಒಲೆಯ ಪಕ್ಕಕ್ಕೆ ಸರಿಸಿ ಕಾಫಿಗೆ ಹಾಲು ಇಟ್ಟಳು. ಹಾಲು ಉಕ್ಕಿ ಡಬ್ಬದ ಕಡೆ ಹರಿಯಿತು. ಮುಚ್ಚಳ ಬಿಗಿಯಾಗಿದೆ ಎಂಬ ಧೈರ್ಯದಲ್ಲಿ ಮುಚ್ಚಳವನ್ನೇ ಹಿಡಿದು ಡಬ್ಬವನ್ನು ಎತ್ತಿದಳು.

ಮುಚ್ಚಳ ಕೈಯಲ್ಲಿ ಉಳಿಯಿತು. ಡಬ್ಬ ನೆಲಕ್ಕೆ ಬಿತ್ತು. ಕರಗಿದ ಎಣ್ಣೆ ಒಲೆಕಟ್ಟೆಯಿಂದ ಹೊಸ್ತಿಲವರೆಗೆ ಹರಿಯಿತು.

ಬೇರೆ ದಿನವಾಗಿದ್ದರೆ ಅಷ್ಟು ಎಣ್ಣೆ ಚೆಲ್ಲಿದ್ದಕ್ಕೆ ಮನೆ ಮಂದಿಗೆಲ್ಲ ಮಂಗಳಾರತಿ ಆಗುತ್ತಿತ್ತು. ಅವತ್ತು ಆಕೆ ನೆಲದ ಕಡೆ ನೋಡಲೇ ಇಲ್ಲ. ಕೈಯಲ್ಲಿದ್ದ ಮುಚ್ಚಳವನ್ನು ನೋಡಿದಳು. ಹಿಂದಿನ ದಿನ ಅದನ್ನು ಮುಚ್ಚಿದ್ದು ತಾನೇ. ಯಾರೋ ಕೂಗಿದರೆಂದು ಅವಸರದಲ್ಲಿ ಒಂದರ್ಧ ಸುತ್ತು ತಿರುವಿ ಬಿಟ್ಟಿದ್ದಳು. ಮುಚ್ಚಳ ಬಿಗಿಯಾಗಿರಲೇ ಇಲ್ಲ. ತಿರುಪಿನ ಗೆರೆಗಳೊಳಗೆ ಹೆಪ್ಪುಗಟ್ಟಿದ ಎಣ್ಣೆ ಬಿಗಿಯಿದ್ದ ಹಾಗೆ ತೋರಿಸಿತ್ತು. ಕಾವು ತಾಗಿತು, ಎಣ್ಣೆ ಕರಗಿತು, ಬಿಗಿ ಹೋಯಿತು.

ಗುರುಶಾಂತಮ್ಮ ಅಲ್ಲೇ ಮಣೆಯ ಮೇಲೆ ಕೂತಳು. ಚಳಿಯ ಬೆಳಗಿನಲ್ಲಿ ಸವರಿದ ಎಣ್ಣೆ ಉಂಗುರದ ಮೇಲೆ ಮೇಣದ ಹಾಗೆ ನಿಂತಿರುತ್ತದೆ. ತಿರುಗಿಸುವವಳ ಕೈಗೆ ಉಂಗುರ ತಾಗಿತು ಅನ್ನಿಸಿದ್ದು ಉಂಗುರ ತಾಗಿ ಅಲ್ಲ, ಎಣ್ಣೆ ತಾಗಿ. ಅಲ್ಲಿಂದ ಲೆಕ್ಕ ಹಿಡಿದ ಮುಕ್ಕಾಲು ಸುತ್ತು ಸಾಲದು. ಇಂಜಿನ್ ಶುರು ಮಾಡಿ ನೋಡಿದರೂ ಆಗ ಸೋರುವುದಿಲ್ಲ, ಎಣ್ಣೆ ಇನ್ನೂ ಕರಗಿರುವುದಿಲ್ಲವಲ್ಲ. ಗಾಡಿ ಹತ್ತೂರು ಸುತ್ತಿ ಕಾದ ಮೇಲೆ ಎಣ್ಣೆ ಕರಗಿ ಜಾರುತ್ತದೆ, ಉಂಗುರ ಸಡಿಲವಾಗುತ್ತದೆ, ನಮ್ಮ ರಸ್ತೆಯ ಗುಂಡಿಗಳು ಉಳಿದ ಕೆಲಸ ಮುಗಿಸುತ್ತವೆ. ಮಧ್ಯಾಹ್ನದ ಬಿಸಿಲಲ್ಲಿ ಮಾಡಿದ ಒಂದು ಗಾಡಿಯೂ ವಾಪಸ್ಸು ಬಂದಿರಲಿಲ್ಲ. ಅದನ್ನು ಬಾಗಿಲಲ್ಲಿ ಕೂತು ತಾನೇ ನೋಡಿದ್ದಳು, ನೋಡಿಯೂ ಹೊಳೆದಿರಲಿಲ್ಲ.

ಆಮೇಲೆ ಇನ್ನೊಂದು ಹೊಳೆಯಿತು. ಇಂಪನಾ ವಾಪಸ್ಸು ಕರೆಸಿದ್ದು ಬೆಳಗಿನ ಗಾಡಿಗಳನ್ನು ಮಾತ್ರ.

ಎಣ್ಣೆ ಕಾಲಿನಲ್ಲೇ ಗ್ಯಾರೇಜಿಗೆ ನಡೆದಳು. ಸೊಸೆ ಷೆಡ್ಡು ಗುಡಿಸುತ್ತಿದ್ದಳು.

"ಯಾವಾಗ ಗೊತ್ತಾಯ್ತೇ ನಿಂಗೆ?"

"ಏನತ್ತೆ?"

"ನಾಟ್ಕ ಬ್ಯಾಡ. ನನ್ನೆಣ್ಣೆ ವಿಷ್ಯ."

ಇಂಪನಾ ಪೊರಕೆ ಕೆಳಗಿಟ್ಟಳು. "ದೊಡ್ಡರಂಗಯ್ಯನೋರ ಗಾಡಿ ಬಿಚ್ಚಿದಾಗ. ರಾತ್ರಿಯೆಲ್ಲ ಆಚೆ ನಿಂತಿತ್ತಲ್ಲ, ಫಿಲ್ಟರ್ ಅಂಚಲ್ಲಿ ಬೆಳ್ಳಗೆ ಕಟ್ಕಂಡಿತ್ತು. ಮುಟ್ಟಿ ಮೂಸಿ ನೋಡ್ದೆ. ಅವತ್ತಿಂದ ಇಂಜಿನ್ ಆಯಿಲ್ನೇ ಸವರ್ತಿದೀನಿ."

"ಮತ್ತೆ ಊರೋರಿಗೆಲ್ಲ ಕೈ ಸಡಿಲ ಅಂತ ಯಾಕಂದೆ?"

"ಕಾಲೇಜಲ್ಲಿ ಕಲ್ಸಿದ್ದು ಬಿಟ್ಟಿದ್ದು ನಾನೇ ಅಲ್ವಾ ಅತ್ತೆ. ನನ್ ತಪ್ಪೂ ಐತೆ." ಸೊಸೆ ಕೈಯ ಕರಿಯನ್ನು ಬಟ್ಟೆಗೆ ಒರೆಸಿಕೊಂಡಳು. "ಕೈ ಬಿಗಿ ಇಲ್ಲ ಅಂದ್ರೆ ಇವತ್ತಲ್ಲ ನಾಳೆ ಬಿಗಿ ಮಾಡಿ ತೋರಿಸ್ಬೋದು. ಇಷ್ಟು ವರ್ಷದಿಂದ ಕಟ್ಟಿದ ನಿಮ್ಮೆಣ್ಣೆ ಹೆಸ್ರು ಹೋದ್ರೆ ಎಲ್ಲಿಂದ ತರಾನ?"

ಗುರುಶಾಂತಮ್ಮನ ಹೊಟ್ಟೆಯಲ್ಲಿ ಹುಟ್ಟಿದ ಮಗ ಒಂದು ದಿನವೂ ಆಕೆಗಾಗಿ ಇಷ್ಟು ಮಾತು ಕೇಳಿಸಿಕೊಂಡವನಲ್ಲ. ಆಕೆಯ ಎಣ್ಣೆಯನ್ನು ಆಕೆಯಷ್ಟೇ ಹೆಮ್ಮೆಯಿಂದ ಕಾದವರು ಲೋಕದಲ್ಲಿ ಇನ್ನೊಬ್ಬರಿದ್ದಾರೆ ಎಂಬುದು ಅವತ್ತು ತಿಳಿಯಿತು. ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು ಬೈಗುಳವೇ ಬೇಕಾಯಿತು.

"ಪೆದ್ದಿ! ನಿನ್ ಕೈ ಮಾರಿ ನನ್ನೆಣ್ಣೆ ಉಳಿಸ್ತೀಯಾ? ಒಳಗೋಗಿ ನೆಲ ಒರೆಸು, ಜಾರಿ ಬೀಳ್ತಾರೆ ಯಾರಾದ್ರೂ. ನಾನು ಈಗ ಬತ್ತೀನಿ."

ಅಟ್ಟದ ಕೆಳಗೆ ತಣ್ಣಗಿದ್ದ ಇನ್ನೊಂದು ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಟ್ಯಾಕ್ಸಿ ಸ್ಟ್ಯಾಂಡಿನ ಕಡೆ ನಡೆದಳು. ದಾರಿಯುದ್ದಕ್ಕೂ ಕಾಲು ಹಿಂದೆ ಎಳೆಯುತ್ತಿತ್ತು. ನಲವತ್ತು ವರ್ಷ ತನ್ನ ಎಣ್ಣೆಯ ಬಗ್ಗೆ ಯಾರೂ ಒಂದು ಮಾತು ಆಡದ ಹಾಗೆ ಬದುಕಿದವಳು. ಈಗ ತಾನೇ ಹೋಗಿ ನಡುಬೀದಿಯಲ್ಲಿ ದೂರು ಹೇಳಬೇಕು. ತಿರುಗಿ ಮನೆಗೆ ಹೋದರೆ ಸೊಸೆ ಯಾವತ್ತೂ ಬಾಯಿ ಬಿಡುವುದಿಲ್ಲ ಎಂಬುದೂ ಗೊತ್ತಿತ್ತು. ಹಾಗೆ ಗೊತ್ತಿದ್ದದ್ದಕ್ಕೇ ಬಿರಬಿರನೆ ಹೆಜ್ಜೆ ಹಾಕಿದಳು.

ಹೋಟೆಲಿನ ಮುಂದೆ ಗಂಗರಾಜು ಟೀ ಕುಡಿಯುತ್ತಿದ್ದ. ನಾಲ್ಕೈದು ಜನ ಡ್ರೈವರುಗಳು ಬಿಸಿಲು ಕಾಯಿಸುತ್ತಿದ್ದರು.

"ಗಂಗರಾಜು, ನಿನ್ ಗಾಡಿ ಕೆಡಿಸಿದ್ದು ನನ್ ಸೊಸೆ ಅಲ್ಲ, ನಾನು ಕಣಪ್ಪ" ಎಂದಳು ಗುರುಶಾಂತಮ್ಮ. ದನಿ ಎಲ್ಲರಿಗೂ ಕೇಳುವಷ್ಟೇ ಇತ್ತು.

"ನೀವೇನ್ ಮಾಡೀರಿ ಅಮ್ಮಾ?" ಗಂಗರಾಜು ಎದ್ದು ನಿಂತ.

ಆಕೆ ಉಂಗುರದ ಕಥೆಯನ್ನು, ಡಬ್ಬದ ಕಥೆಯನ್ನು ಮೊದಲಿಂದ ಹೇಳಿದಳು. ಏನನ್ನೂ ಬಚ್ಚಿಡಲಿಲ್ಲ. "ನಮ್ಮೆಣ್ಣೆ ಹಾಕು ಅಂತ ಅವಳ ಕೈಗೆ ಕೊಟ್ಟೋಳು ನಾನು. ಆ ಹುಡುಗಿ ನನ್ನೆಣ್ಣೆ ಮಾನ ಕಾಯೋಕೆ ತನ್ ಕೈನ ನಿಮ್ಮ ಬಾಯಿಗೆ ಕೊಟ್ಳು. ನೀವೂ ಚೆನ್ನಾಗಿ ಅಗಿದ್ರಿ."

ಗಂಗರಾಜು ತಲೆ ಕೆರೆದುಕೊಂಡ. "ಎಣ್ಣೆ ಇರ್ಬೋದಮ್ಮಾ, ಆದ್ರೂ ಕೈ..."

"ಮಧ್ಯಾಹ್ನ ಮಾಡಿದ ಗಾಡಿ ಒಂದಾದ್ರೂ ಸೋರ್ತಾ? ಅದೇ ಕೈ ತಾನೇ?"

ಆ ಕಡೆ ಕೂತಿದ್ದ ಶ್ರೀನಿವಾಸ್ ಎಂಬ ಡ್ರೈವರು ಬಾಯಿ ತೆರೆದ. "ಅದು ನಿಜ ಕಣ್ಲಾ ಗಂಗರಾಜು. ನಿಂದು ಮಾಡಿದ ದಿವಸವೇ ಊಟದ ಹೊತ್ತಲ್ಲಿ ನಂದು ಮಾಡಿದ್ದು. ಮಂಗಳೂರಿಗೆ ಹೋಗಿ ಬಂದೆ, ಒಂದು ತೊಟ್ಟು ಬಿದ್ದಿಲ್ಲ."

ಗಂಗರಾಜು ಟೀ ಲೋಟ ಕೆಳಗಿಟ್ಟ. "ನಾನು ಹಂಗೆಲ್ಲ ಆಡಬಾರದಿತ್ತು ಬುಡಿ ಅಮ್ಮಾ" ಎಂದು ನೆಲ ನೋಡುತ್ತಾ ಹೇಳಿದ.

ಅಷ್ಟಕ್ಕೇ ಬಿಟ್ಟು ಮನೆಗೆ ಬಂದಿದ್ದರೆ ಅವಳು ಗುರುಶಾಂತಮ್ಮ ಹೇಗಾದಾಳು? ಕಂಕುಳ ಡಬ್ಬವನ್ನು ತೆಗೆದು ಮುಚ್ಚಳವನ್ನು ಬಲವಾಗಿ ತಿರುವಿ ಬಿಚ್ಚಿದಳು. ಎಲ್ಲರ ಎದುರಿಗೆ ಡಬ್ಬವನ್ನು ತಲೆಕೆಳಗು ಮಾಡಿ ಹಿಡಿದಳು. ಮಲ್ಲಿಗೆಯ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿದ್ದ ಎಣ್ಣೆ ಅಲ್ಲಾಡಲಿಲ್ಲ.

"ನೋಡ್ಕಳಿ ಎಲ್ಲಾರೂ. ನಿಮ್ಮನೇಲಿರೋ ಪ್ಯಾಕೆಟ್ ಎಣ್ಣೆ ಹಿಂಗೆ ನಿಲ್ತದಾ? ಕಲಬೆರಕೆ ಆಗಿದ್ರೆ ಇದು ಗಟ್ಟಿ ಆಗ್ತಾನೇ ಇರ್ಲಿಲ್ಲ, ನಿನ್ ಫಿಲ್ಟರ್ರೂ ಸಡಿಲ ಆಗ್ತಿರ್ಲಿಲ್ಲ. ಅಪ್ಪಟ ಕೊಬ್ಬರಿ ಎಣ್ಣೆ ಆಗಿದ್ದುಕ್ಕೇ ನಿನ್ ಗಾಡಿ ಕೆಟ್ಟಿದ್ದು ಕಣಪ್ಪ!"

ಸ್ಟ್ಯಾಂಡೆಲ್ಲ ಗೊಳ್ಳೆಂದು ನಕ್ಕಿತು. ಗುರುಶಾಂತಮ್ಮ ನಗಲಿಲ್ಲ. ಆಕೆ ಹೇಳಿದ್ದು ಸತ್ಯವಾಗಿತ್ತು, ಸತ್ಯ ಹೇಳುವಾಗ ನಗುವ ಅಭ್ಯಾಸ ಆಕೆಗಿಲ್ಲ. ಡಬ್ಬ ಮುಚ್ಚಿಕೊಂಡು, ಬಂದದ್ದಕ್ಕಿಂತ ನಿಧಾನವಾಗಿ ಮನೆಗೆ ನಡೆದಳು.

ಗ್ಯಾರೇಜಿನಲ್ಲಿ ಆ ಎಣ್ಣೆ ಈಗಲೂ ಇದೆ, ಕೆಲಸ ಮಾತ್ರ ಬದಲಾಗಿದೆ. ಸಂಜೆ ಷೆಡ್ಡು ಮುಚ್ಚುವ ಮೊದಲು ಗುರುಶಾಂತಮ್ಮ ಸೊಸೆಯ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ಎಣ್ಣೆ ಹಚ್ಚಿ ಗ್ರೀಸು ಬಿಡಿಸುತ್ತಾಳೆ. ಉಗುರಿನ ಕರಿ ಪೂರ್ತಿ ಹೋಗುವುದಿಲ್ಲ. ಹೋಗದಿದ್ದರೆ ಇರಲಿ ಎನ್ನುತ್ತಾಳೆ.

ಸಂಕ್ರಾಂತಿ ಕಳೆದು ಕೆಲವು ವಾರದ ಮೇಲೆ, ಇನ್ನೂ ಚಳಿ ಬಿಡದ ಒಂದು ಬೆಳಗ್ಗೆ, ಗಂಗರಾಜುವಿನ ಟ್ಯಾಕ್ಸಿ ಷೆಡ್ಡಿನ ಮುಂದೆ ನಿಂತಿತು. ಗುರುಶಾಂತಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಂಡಿಗೆ ಹೊರಟಿದ್ದ ಮಲ್ಲೇಶ, ಇವನು ತನ್ನನ್ನೇ ಹುಡುಕಿ ಬಂದಿರಬೇಕೆಂದು ಪಾಪ ಕೀಲಿಗೆ ಕೈ ಚಾಚಿದ.

"ನೀನು ಬ್ಯಾಡ ಕಣ್ಲಾ ಮಲ್ಲೇಶ" ಎಂದ ಗಂಗರಾಜು, ತುಸು ತಗ್ಗಿದ ದನಿಯಲ್ಲಿ. "ಇಂಪನಕ್ಕನ್ನ ಕರಿ. ಆಯಮ್ಮನ ಕೈಯೇ ಆಗ್ಬೇಕು."

ಗುರುಶಾಂತಮ್ಮನ ಕಿವಿ ಇವತ್ತಿಗೂ ಅಟ್ಟದ ಮೂಲೆಯ ಕಾಯಿ ಗಡಗಡ ಅಂದರೆ ಹಜಾರದಿಂದ ಕೇಳಿಸಿಕೊಳ್ಳುವಂಥದ್ದು. ಆಕೆ ತಲೆ ಎತ್ತಿ ರಸ್ತೆಯ ಆ ಕಡೆ ಈ ಕಡೆ ನೋಡಿದಳು. ಎದುರು ಮನೆಯ ಮಂಜಮ್ಮ ರಂಗೋಲಿ ಹಾಕುತ್ತಿದ್ದಳು. ಹಾಲಿನವನು ಸೈಕಲ್ ನಿಲ್ಲಿಸಿಕೊಂಡಿದ್ದ.

"ಏನಂದೆ ಗಂಗರಾಜು? ನಂಗೆ ಕಿವಿ ಸರಿಯಾಗಿ ಕೇಳ್ಸಕ್ಕಿಲ್ಲ" ಎಂದಳು. "ಇನ್ನೊಂದು ಸಲ ಗಟ್ಟಿಯಾಗಿ ಹೇಳಪ್ಪ."